ಜರ್ಮನ್‌ನಲ್ಲಿ ಸಮಾಧಾನ ಹೇಳೋ ಗಾದೆ: ಯಾವುದು, ಯಾರಿಗೆ, ಕಲಿಯೋದು ಹೇಗೆ?

ನೈಟ್‌ಶಿಫ್ಟ್

ಜರ್ಮನ್ ಭಾಷೆಯ ಬಿ2 ಹಂತ ಮುಗಿಸಿಕೊಂಡು ಜರ್ಮನಿಯ ಆಸ್ಪತ್ರೆಗಳಿಗೆ ಬರೋ ನಮ್ಮ ನರ್ಸ್‌ಗಳಿಗೆ ರೋಗಿ ಜೊತೆ ಮಾತಾಡೋದನ್ನ ಚೆನ್ನಾಗಿ ಕಲಿಸಿರ್ತಾರೆ. ಜೊತೆಗೆ ಕೆಲಸ ಮಾಡೋರು ಮುಖ ಸಪ್ಪಗೆ ಮಾಡಿಕೊಂಡು ಕೂತಾಗ ಏನನ್ನಬೇಕು ಅನ್ನೋದು ಮಾತ್ರ ಯಾವ ಪಾಠದಲ್ಲೂ ಇಲ್ಲ. ವಾರ್ಡಿನಲ್ಲಿ ಎರಡನೇ ವರ್ಷದ ತರಬೇತಿಯ ಜರ್ಮನ್ ಹುಡುಗಿ, ಅಂದರೆ ಅಟ್ಸೂಬಿ, ನಡುವಿನ ಪರೀಕ್ಷೆಯಲ್ಲಿ (ತ್ಸ್ವಿಷನ್‌ಪ್ರ್ಯೂಫುಂಗ್) ಫೇಲಾಗಿದ್ದಾಳೆ ಅಂದುಕೊಳ್ಳಿ. "ಎಸ್ ಇಸ್ಟ್ ನೊಖ್ ಕೈನ್ ಮೈಸ್ಟರ್ ಫೊಮ್ ಹಿಮಲ್ ಗೆಫಲನ್" ಅನ್ನೋ ಗಾದೆ ಹೇಳಬಹುದಾ? ಇಲ್ಲಿವರೆಗೆ ಯಾವ ಮೇಸ್ತ್ರಿಯೂ ಆಕಾಶದಿಂದ ಉದುರಿಲ್ಲ ಅಂತ ಅರ್ಥ. ಬೇರೆ ಯಾವುದಾದರೂ ಇನ್ನೂ ಒಪ್ಪುತ್ತಾ? ತಡವರಿಸದೆ ಹೇಳೋ ಹಾಗೆ ಬಾಯಿಗೆ ಕೂರಿಸೋದು ಹೇಗೆ?

ಡಾಟಿವ್ ದಾಸ

ಹೇಳಬಹುದು. ತರಬೇತಿಯಲ್ಲಿರೋರಿಗೆ ಇದಕ್ಕಿಂತ ಒಪ್ಪುವ ಗಾದೆ ಇಲ್ಲ. ಜರ್ಮನಿಯಲ್ಲಿ ಮೈಸ್ಟರ್ ಅನ್ನೋದು ಸುಮ್ಮನೆ ಹೊಗಳಿಕೆಯ ಮಾತಲ್ಲ, ಪರೀಕ್ಷೆ ಬರೆದು ಪಡೆಯೋ ಪದವಿ. ಬಡಗಿಯೋ ಬೇಕರಿಯವನೋ ಮೊದಲು ಅಟ್ಸೂಬಿ ಆಗಿ ಸುಮಾರು ಮೂರು ವರ್ಷ ಕಲಿತು ಗೆಝೆಲೆ (ಕಸುಬು ಕಲಿತ ಕೆಲಸಗಾರ) ಆಗ್ತಾನೆ. ಆಮೇಲೆ ನಾಲ್ಕು ಭಾಗದ ಮೈಸ್ಟರ್ ಪರೀಕ್ಷೆ: ಕೈಕೆಲಸ, ಕಸುಬಿನ ಸಿದ್ಧಾಂತ, ಲೆಕ್ಕಪತ್ರ ಮತ್ತು ಕಾನೂನು, ಕಿರಿಯರಿಗೆ ಕಲಿಸೋ ವಿಧಾನ. ಹಾಗಾಗಿ ಈ ಗಾದೆ ಕೇಳಿದವರ ಕಣ್ಣಿಗೆ ಒಂದೊಂದೇ ಮೆಟ್ಟಿಲು ಹತ್ತಿದ ಮನುಷ್ಯ ಕಾಣ್ತಾನೆ.

ಈಗ ವಾಕ್ಯ ಬಿಚ್ಚೋಣ. ಮೊದಲನೇ "ಎಸ್" ಬರೀ ಜಾಗ ಹಿಡಿಯೋ ಪದ. ಕ್ರಿಯಾಪದ ಎರಡನೇ ಸ್ಥಾನದಲ್ಲೇ ಇರಬೇಕು, ಮೊದಲನೇ ಸ್ಥಾನ ಖಾಲಿ ಬಿಡೋ ಹಾಗಿಲ್ಲ, ಅದಕ್ಕೆ ಅದನ್ನ ಕೂರಿಸಿದ್ದಾರೆ. ನಿಜವಾದ ಕರ್ತೃ "ಕೈನ್ ಮೈಸ್ಟರ್". ಪುಲ್ಲಿಂಗ, ಪ್ರಥಮಾ ವಿಭಕ್ತಿ. "ಕೈನೆ" ಅಂದರೂ ತಪ್ಪು, "ಕೈನನ್" ಅಂದರೂ ತಪ್ಪು. "ಫೊಮ್" ಅಂದರೆ "ಫೊನ್ ಡೇಮ್" ಕೂಡಿಕೊಂಡದ್ದು. ನಮ್ಮವರು ಅವಸರದಲ್ಲಿ "ಫೊನ್ ಹಿಮಲ್" ಅಂತ ಆರ್ಟಿಕಲ್ ನುಂಗಿಬಿಡ್ತಾರೆ.

ದೊಡ್ಡ ಗುಂಡಿ ಇರೋದು ಸಹಾಯಕ ಕ್ರಿಯಾಪದದಲ್ಲಿ. ಬೀಳು ಅನ್ನೋ "ಫಲನ್" ಮತ್ತು ಹಿಡಿಸು ಅನ್ನೋ "ಗೆಫಲನ್" ಎರಡಕ್ಕೂ ಭೂತಕೃದಂತ ಒಂದೇ, "ಗೆಫಲನ್". ಬೀಳೋದಕ್ಕೆ "ಇಸ್ಟ್" ಬರುತ್ತೆ, ಹಿಡಿಸೋದಕ್ಕೆ "ಹಟ್" ಬರುತ್ತೆ. ಇಂಗ್ಲಿಷ್ ಗುಂಗಿನಲ್ಲಿ "ಎಸ್ ಹಟ್ ನೊಖ್ ಕೈನ್ ಮೈಸ್ಟರ್..." ಅಂದರೆ ಕೇಳಿದವರು ಯಾರಿಗೆ ಏನು ಹಿಡಿಸಲಿಲ್ಲ ಅಂತ ಕ್ಷಣ ತಬ್ಬಿಬ್ಬಾಗ್ತಾರೆ. ಸಮಾಧಾನದ ಮಾತಿಗೆ ವಿವರಣೆ ಕೊಡೋ ಪರಿಸ್ಥಿತಿ ಬಂದರೆ ಅದರ ಕತೆ ಮುಗೀತು.

ಬಾಯಿಗೆ ಕೂರಿಸೋಕೆ ಒಳ್ಳೆ ಹಿಡಿತ ಇದೆ. ವಾಕ್ಯದಲ್ಲಿ ಹನ್ನೆರಡು ಉಚ್ಚಾರಾಂಶ, ಮೂರು ಮೂರರ ನಾಲ್ಕು ಗುಂಪು, ಪ್ರತಿ ಗುಂಪಿನ ನಡುವಿನದಕ್ಕೆ ಒತ್ತು:

ಎಸ್ ಇಸ್ಟ್ ನೊಖ್ / ಕೈನ್ ಮೈಸ್-ಟರ್ / ಫೊಮ್ ಹಿ-ಮಲ್ / ಗೆ-ಫ-ಲನ್

ಗುರು ನಡುವಿರೆ ಜಗಣ ಅಂತ ಹೈಸ್ಕೂಲಿನಲ್ಲಿ ಕಲಿತದ್ದು ನೆನಪಿದೆಯಲ್ಲ, ನಾಲ್ಕು ಜಗಣ ಅಂದುಕೊಳ್ಳಿ. ಮಾತ್ರೆಯ ಲೆಕ್ಕ ಅಲ್ಲ, ದನಿಯ ಒತ್ತಿನ ಲೆಕ್ಕ. ಮಾತಾಡುವಾಗ ಮೊದಲ ಗುಂಪಿನ ಒತ್ತು ಸವೆದು, ಮೈಸ್ಟರ್ ಮತ್ತು ಹಿಮಲ್ ಮೇಲೆ ಜೋರು ಬೀಳುತ್ತೆ.

ಅಭ್ಯಾಸ ಹಿಂದಿನಿಂದ ಮುಂದಕ್ಕೆ ಮಾಡಿ. ಮೊದಲು "ಗೆಫಲನ್" ಅಷ್ಟೇ. ಆಮೇಲೆ "ಹಿಮಲ್ ಗೆಫಲನ್". ಆಮೇಲೆ "ಫೊಮ್ ಹಿಮಲ್ ಗೆಫಲನ್". ಹೀಗೆ ಮುಂದೆ ಮುಂದೆ ಪದ ಸೇರಿಸುತ್ತಾ "ಎಸ್"ವರೆಗೆ. ಮುಂದಿನಿಂದ ಕಲಿತರೆ ಆರಂಭ ಗಟ್ಟಿ, ಕೊನೆ ಸಡಿಲ ಆಗುತ್ತೆ. ಜರ್ಮನ್‌ನಲ್ಲಿ ಅರ್ಥ ಇರೋದೇ ಕೊನೇ ಪದದಲ್ಲಿ. ಇಡೀ ವಾಕ್ಯ ಮೂರು ಸೆಕೆಂಡಿನೊಳಗೆ ಮುಗಿಯಬೇಕು. ಅದಕ್ಕಿಂತ ನಿಧಾನವಾದರೆ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತೆ.

ಕಿವಿಮಾತು ಕಾವೇರಿ

ದಾಸರ ಮಾತಿಗೆ ಉಚ್ಚಾರಣೆ ಸೇರಿಸ್ತೀನಿ. ಕನ್ನಡ ಬಾಯಿಗೆ ಇಲ್ಲಿ ಅನುಕೂಲವೂ ಉಂಟು, ತೊಡಕೂ ಉಂಟು.

ಅನುಕೂಲ ಅಂದರೆ ಹ್ರಸ್ವ ದೀರ್ಘ ನಮಗೆ ರಕ್ತದಲ್ಲೇ ಇದೆ. ತೊಡಕು ಒತ್ತಕ್ಷರದ್ದು. ಹಿಮಲ್, ಗೆಫಲನ್ ಎರಡನ್ನೂ ಬರೆಯುವಾಗ ವ್ಯಂಜನ ಜೋಡಿಯಾಗಿ ಬರುತ್ತೆ. ಅದನ್ನು ನೋಡಿ "ಹಿಮ್ಮೆಲ್", "ಗೆಫಲ್ಲೆನ್" ಅಂತ ಒತ್ತಿ ಹೇಳ್ತೀವಿ, ಅಮ್ಮ ಬೆಲ್ಲ ಅಂದ ಹಾಗೆ. ಜರ್ಮನ್‌ನಲ್ಲಿ ಜೋಡಿ ವ್ಯಂಜನ ಬರೆಯೋದು ಹಿಂದಿನ ಸ್ವರ ಗಿಡ್ಡ ಅಂತ ತೋರಿಸೋಕೆ ಮಾತ್ರ. ಒತ್ತು ಬಿಟ್ಟು "ಹಿಮಲ್" ಅನ್ನಿ ಸಾಕು.

"ಫೊಮ್" ಬರೆಯೋದು ವಿ ಅಕ್ಷರದಿಂದ, ಹೇಳೋದು ಫ. "ನೊಖ್"ನಲ್ಲಿರೋದು ಗಂಟಲಿನಿಂದ ಉಜ್ಜಿ ಬರೋ ಶಬ್ದ, ನಮ್ಮ ಮಹಾಪ್ರಾಣ ಖ ಅಲ್ಲ. ಬರೆಯೋಕೆ ಬೇರೆ ಅಕ್ಷರ ಇಲ್ಲದ್ದಕ್ಕೆ ಖ ಬಳಸ್ತೀವಿ. ಟಕಾರಕ್ಕೆ ನಾಲಿಗೆ ಮಡಚಬೇಡಿ, ತುದಿಯನ್ನು ಮೇಲಿನ ಹಲ್ಲಿನ ಹಿಂದಿನ ವಸಡಿಗೆ ತಾಗಿಸಿ. ಮೈಸ್ಟರ್‌ನ ಕೊನೇ ರ್ ಹೆಚ್ಚುಕಮ್ಮಿ ಕೇಳಿಸೋದೇ ಇಲ್ಲ, "ಮೈಸ್ಟ" ಅಂದ ಹಾಗೆ ಕರಗುತ್ತೆ. ರೇಫವನ್ನು ಗಟ್ಟಿಯಾಗಿ ಉರುಳಿಸಿದರೂ ಅರ್ಥ ಆಗುತ್ತೆ, ಬವೇರಿಯಾದ ಹಳ್ಳಿಗಳಲ್ಲಂತೂ ಅವರೇ ಉರುಳಿಸ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸ್ಟಟ್‌ಗಾರ್ಟ್ ಸಾರು

ಗಾದೆ ಚೆನ್ನಾಗಿದೆ, ಆದರೆ ಅದಕ್ಕೆ ಮೇಲಿಂದ ಕೆಳಕ್ಕೆ ಇಳಿಯೋ ದಾರಿ ಮಾತ್ರ ಇದೆ. ಹಿರಿಯರು ಕಿರಿಯರಿಗೆ, ಅನುಭವಿ ಹೊಸಬರಿಗೆ, ಇಲ್ಲ ಸಮಾನರು ಹೊಸ ಕೆಲಸ ಕಲಿಯುವಾಗ ಒಬ್ಬರಿಗೊಬ್ಬರು. ಇಪ್ಪತ್ತು ವರ್ಷ ಸರ್ವಿಸ್ ಆದ ವಾರ್ಡ್ ಮುಖ್ಯಸ್ಥೆ ಡ್ಯೂಟಿ ಪಟ್ಟಿಯಲ್ಲಿ ಎಡವಟ್ಟು ಮಾಡಿಕೊಂಡಾಗ ಇದನ್ನು ಹೇಳಿದರೆ "ನೀವಿನ್ನೂ ಕಲೀಬೇಕು" ಅಂದ ಹಾಗೆ. ಬೇರೆಯವರ ಮಾತಿರಲಿ, ತನ್ನ ತಪ್ಪಿಗೆ ತಾನೇ ಹೇಳಿಕೊಂಡರೆ ಮಾತ್ರ ಯಾವ ವಯಸ್ಸಿನವರಿಗೂ ಚೆನ್ನ.

ನೈಟ್‌ಶಿಫ್ಟ್ ಕೇಳಿದ ಸಂದರ್ಭದಲ್ಲೂ ಮೊದಲನೇ ಮಾತೇ ಗಾದೆ ಆಗಬಾರದು. ಆಕೆ ಹೇಳೋದು "ಇಶ್ ಬಿನ್ ಡುರ್ಶ್‌ಗೆಫಲನ್", ಫೇಲಾದೆ ಅಂತ. ಮರುಕ್ಷಣವೇ ನೀವು "...ಗೆಫಲನ್" ಅಂತ ಮುಗಿಸಿದರೆ ಅವಳ ಪದವನ್ನೇ ಹಿಡಿದು ಚಟಾಕಿ ಹಾರಿಸಿದ ಹಾಗೆ ಆಗಬಹುದು.

ಅವರಲ್ಲಿ ಸಾಮಾನ್ಯವಾಗಿ ನಡೆಯೋ ಕ್ರಮ ಹೀಗೆ. ಮೊದಲು ಒಂದು ಉದ್ಗಾರ: "ಅಖ್ ಮೆನ್ಶ್" (ಅಯ್ಯೋ ಮಾರಾಯ್ತಿ ಅಂದ ಹಾಗೆ), ಇಲ್ಲ "ಝೋ ಐನ್ ಮಿಸ್ಟ್" (ಎಂಥಾ ಹಾಳಾಗಿ ಹೋಯ್ತು). ಎರಡನೆಯದು ಸಲಿಗೆಯವರಿಗೆ ಮಾತ್ರ, ಮಿಸ್ಟ್ ಅಂದರೆ ಸಗಣಿಗೊಬ್ಬರ. ಆಮೇಲೆ ಅವಳು ಮಾತಾಡೋಕೆ ಬಿಡಿ. ಏನು ಕಷ್ಟವಾಯ್ತು, ಯಾವ ಪ್ರಶ್ನೆ, ಯಾವ ಪರೀಕ್ಷಕ, ಎಲ್ಲ ಹೊರಗೆ ಬರಲಿ. ಆಮೇಲೆ ಗಾದೆ. ಅದರ ಹಿಂದೆಯೇ ಕೈಯಲ್ಲಿ ಮಾಡಬಹುದಾದ ಒಂದು ಸಹಾಯ: "ಝೊಲನ್ ವೀರ್ ತ್ಸುಝಮನ್ ಲೆರ್ನನ್?" (ಒಟ್ಟಿಗೆ ಓದೋಣ್ವಾ?). ಈ ಕೊನೇದು ಬಿಟ್ಟು ಬರೀ ಗಾದೆ ಹೇಳಿ ಎದ್ದು ಹೋದರೆ ಮಾತು ಮುಗಿಸೋಕೆ ಹೇಳಿದ ಹಾಗಾಗುತ್ತೆ.

ಇನ್ನೊಂದು ವಿಷಯ. ನರ್ಸಿಂಗ್ ತರಬೇತಿಯ ನಡುವಿನ ಪರೀಕ್ಷೆಯ ಫಲಿತಾಂಶ ಏನೇ ಬಂದರೂ ತರಬೇತಿ ಮುಂದುವರಿಯುತ್ತೆ. 2020ರಿಂದ ಜಾರಿಯಲ್ಲಿರೋ ನಿಯಮದಲ್ಲೇ ಹಾಗಿದೆ. ಕೊನೆಯ ಸರ್ಕಾರಿ ಪರೀಕ್ಷೆಯಲ್ಲೂ ಬಿದ್ದ ಭಾಗವನ್ನು ಒಂದು ಸಲ ಮತ್ತೆ ಬರೆಯಬಹುದು. ಇದನ್ನು ನೆನಪಿಸೋದು ಗಾದೆಗಿಂತ ದೊಡ್ಡ ಸಮಾಧಾನ.

ನೈಟ್‌ಶಿಫ್ಟ್

ಹಾಗಾದರೆ ಹಿರಿಯರಿಗೆ ಏನು ಹೇಳೋದು? "ಕೊಪ್ಫ್ ಹೋಖ್" ಸರಿನಾ?

ಸ್ಟಟ್‌ಗಾರ್ಟ್ ಸಾರು

ತಲೆ ಎತ್ತು ಅನ್ನೋ "ಕೊಪ್ಫ್ ಹೋಖ್"ನಲ್ಲಿ ನೀನು ನೀವು ಯಾವುದೂ ಇಲ್ಲ, ಆದರೂ ಅದರ ದನಿ ನೀನು ಅನ್ನೋದೇ. ಗೆಳೆಯರಿಗೆ, ಮಕ್ಕಳಿಗೆ, ಫುಟ್‌ಬಾಲ್ ಸೋತವರಿಗೆ ಸರಿ. ಹಿರಿಯರಿಗೆ ಬೇಡ.

ಹಿರಿಯರ ಸಣ್ಣ ತಪ್ಪಿಗೆ "ಡಸ್ ಕನ್ ಯೇಡಮ್ ಪಸೀರನ್" (ಯಾರಿಗಾದರೂ ಆಗಬಹುದು). ಇದರಲ್ಲಿ ಮೇಲು ಕೀಳು ಇಲ್ಲ. ನಿಮ್ಮಿಂದ ಕ್ಷಮೆ ಕೇಳಿದರೆ "ಹಲ್ಪ್ ಝೋ ವಿಲ್ಟ್" ಅಥವಾ "ಹಲ್ಪ್ ಝೋ ಷ್ಲಿಮ್" (ಅಷ್ಟೇನಿಲ್ಲ, ಹೋಗ್ಲಿ ಬಿಡಿ). ಆದರೆ ಎಚ್ಚರ: ನಷ್ಟ ನಿಮ್ಮದಾಗಿದ್ದಾಗ ಮಾತ್ರ "ಹಲ್ಪ್ ಝೋ ವಿಲ್ಟ್". ನಷ್ಟ ಅವರದ್ದಾಗಿ ನೀವು "ಅಷ್ಟೇನಿಲ್ಲ" ಅಂದರೆ ಅವರ ನೋವಿಗೆ ಬೆಲೆಯೇ ಇಲ್ಲ ಅಂತಾಗುತ್ತೆ.

ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳೋದು "ಡಸ್ ವಿಯರ್ಟ್ ಷೋನ್ ವೀಡರ್" (ಸರಿಹೋಗುತ್ತೆ ಬಿಡಿ). ಇಲ್ಲಿ ಷೋನ್ ಅನ್ನೋದಕ್ಕೆ "ಆಗಲೇ" ಅನ್ನೋ ಪಠ್ಯಪುಸ್ತಕದ ಅರ್ಥ ಇಲ್ಲ, ಭರವಸೆಯ ಒತ್ತು ಮಾತ್ರ. ಅದನ್ನು ಬಿಟ್ಟರೆ ಆ ಒತ್ತು ಹೋಗುತ್ತೆ.

ಧಾರವಾಡ ಫೇಡೆ

ನೀವೆಲ್ಲಾ ಒಂದ ಗಾದಿ ಹಿಡಕೊಂಡು ಕುಂತೀರಿ. "ಗೆಟೈಲ್ಟಸ್ ಲೈಟ್ ಇಸ್ಟ್ ಹಲ್ಬಸ್ ಲೈಟ್" ಯಾಕ ಬ್ಯಾಡ? ಹಂಚಿಕೊಂಡ ದುಃಖ ಅರ್ಧ ದುಃಖ. ಸಣ್ಣದು, ಎಂಟ ಉಚ್ಚಾರಾಂಶ, ಲಘು ಗುರು ಲಘು ಗುರು ಅಂತ ತಾಳಕ್ಕ ಸರಿಯಾಗಿ ಕೂಡ್ತದ.

ಹೇಳುವಾಗ ಎರಡು ಕಡೆ ಜಾರ್ತಾರ. "ಲೈಟ್" ಬರಿಯೂದು ಡಿ ಅಕ್ಷರದಿಂದ, ಪದದ ಕಡೀಗೆ ಬಂದಾಗ ಅದು ಟ ಆಗ್ತದ. ಹಲ್ಬಸ್‌ದಾಗ ಬಕಾರ ಪದದ ನಡುವ ಅದ, ಅದಕ್ಕ ಅದು ಬ ಆಗೇ ಉಳೀತದ. "ಹಲ್ಪ್ ಝೋ ವಿಲ್ಟ್"ದಾಗ ಕಡೀಗೆ ಬರ್ತದ, ಅಲ್ಲಿ ಪ. ಎರಡನೇದು, ಇ ಮತ್ತ ಐ ಅಕ್ಷರ ಅದಲು ಬದಲು ಓದಿದ್ರ "ಲೈಟ್" ಹೋಗಿ "ಲೀಟ್" ಆಗ್ತದ, ಅಂದ್ರ ಹಾಡು. ಹಂಚಿಕೊಂಡ ಹಾಡು ಅರ್ಧ ಹಾಡು! ಅಳಾಕತ್ತಾವರು ನಗ್ತಾರ ಖರೆ, ಆದ್ರ ನೀವು ಅಂದ್ಕೊಂಡಂಗ ಅಲ್ಲ.

ವ್ಯಾಕರಣ ಹಗುರ ಅದ. ಲೈಟ್ ನಪುಂಸಕ, ಆರ್ಟಿಕಲ್ ಇಲ್ಲ, ಅದಕ್ಕ ವಿಶೇಷಣದ ಬಾಲಕ್ಕ "ಎಸ್" ಬಂದದ: ಗೆಟೈಲ್ಟಸ್, ಹಲ್ಬಸ್.

ಡಾಟಿವ್ ದಾಸ

ಫೇಡೆ ಸರ್, ಒಪ್ಪಿದೆ. ಒಂದು ಷರತ್ತು ಮಾತ್ರ. ಆ ಗಾದೆ ಹೇಳೋದು ಎದುರಿನವರು ಮಾತಾಡೋಕೆ ಹಿಂದೇಟು ಹಾಕ್ತಿರುವಾಗ. "ಹೇಳಿಕೋ, ಹಗುರಾಗುತ್ತೆ" ಅಂತ ಬಾಗಿಲು ತೆರೆಯೋ ಮಾತು ಅದು. ಎಲ್ಲ ಹೇಳಿ ಮುಗಿಸಿದವರಿಗೆ ಮತ್ತೆ ಅದನ್ನು ಹೇಳಿದರೆ ಉಪಯೋಗ ಇಲ್ಲ. ಇನ್ನೊಂದು ಬಳಕೆ ಇಬ್ಬರೂ ಒಂದೇ ದೋಣಿಯಲ್ಲಿದ್ದಾಗ: ಇಬ್ಬರಿಗೂ ಕ್ರಿಸ್‌ಮಸ್ ದಿನವೇ ರಾತ್ರಿ ಪಾಳಿ ಬಿತ್ತು, ಆಗ ನಕ್ಕೊಂಡು ಹೇಳಬಹುದು.

ಕರಾವಳಿ ಕನ್ನಡಿ

ಗ್ಲಾಸು, ಕಪ್ಪು ಒಡೆದಾಗ ಹೇಳುವುದು ಯಾರೂ ಹೇಳಲಿಲ್ಲ ಮಾರಾಯ್ರೆ. "ಷೆರ್ಬನ್ ಬ್ರಿಂಗನ್ ಗ್ಲ್ಯುಕ್", ಚೂರುಗಳು ಅದೃಷ್ಟ ತರುತ್ತವೆ. ನಮ್ಮಲ್ಲಿ "ದೃಷ್ಟಿ ಹೋಯ್ತು ಬಿಡಿ" ಅನ್ನುವುದಿಲ್ವಾ, ಅದೇ ಜಾಗದಲ್ಲಿ ಅದೇ ಕೆಲಸ ಮಾಡುವ ಮಾತು. ಅತಿಥಿಯ ಕೈಯಿಂದ ತಟ್ಟೆ ಜಾರಿದ ತಕ್ಷಣ, ಅವರು ಕ್ಷಮೆ ಕೇಳುವ ಮೊದಲೇ ಹೇಳಿಬಿಡಬೇಕು. ತಡವಾದರೆ ಸಪ್ಪೆ.

ಮದುವೆಯ ಮುಂಚಿನ ಪೊಲ್ಟರ್‌ಆಬಂಟ್ ಅನ್ನುವ ಸಂಜೆಯಲ್ಲಿ ಬೇಕೆಂದೇ ಪಿಂಗಾಣಿ ಒಡೆಯುತ್ತಾರೆ, ಚೂರುಗಳನ್ನು ಮದುಮಕ್ಕಳೇ ಗುಡಿಸಬೇಕು. ಅಲ್ಲಿಗೆ ಪಿಂಗಾಣಿ, ಮಣ್ಣಿನ ಪಾತ್ರೆ ತರಬೇಕು. ಗಾಜು ಒಡೆಯುವ ಹಾಗಿಲ್ಲ, ಕನ್ನಡಿಯಂತೂ ಬೇಡವೇ ಬೇಡ, ಕನ್ನಡಿ ಒಡೆದರೆ ಏಳು ವರ್ಷ ದುರದೃಷ್ಟ ಎಂಬ ನಂಬಿಕೆ. ಹಾಗಾಗಿ ಯಾರದ್ದಾದರೂ ಕನ್ನಡಿ ಬಿದ್ದು ಒಡೆದಾಗ ಈ ಗಾದೆ ಹೇಳಬೇಡಿ. ಅಜ್ಜಿಯ ಕಾಲದ ಪಿಂಗಾಣಿ ಒಡೆದವರಿಗೂ ಬೇಡ. ಇದು ಮಾರನೇ ದಿನ ಅಂಗಡಿಯಲ್ಲಿ ಸಿಗುವ ಸಾಮಾನಿನ ಮಾತು.

ಕಿಂಡರ್‌ಗಾರ್ಟನ್‌ನಲ್ಲಿ ಕೆಲಸ ಮಾಡುವವರಿಗೆ ಇನ್ನೆರಡು. ಮೊಣಕಾಲು ತರಚಿದ ಮಗುವಿಗೆ "ಬಿಸ್ ಡು ಹೈರಾಟಸ್ಟ್, ಇಸ್ಟ್ ಅಲಸ್ ವೀಡರ್ ಗೂಟ್", ನಿನ್ನ ಮದುವೆ ಹೊತ್ತಿಗೆ ಎಲ್ಲ ವಾಸಿ. ಮತ್ತೆ ಗಾಯದ ಮೇಲೆ ಊದುತ್ತಾ ಹೇಳುವ "ಹೈಲೆ ಹೈಲೆ ಝೇಗನ್, ಡ್ರೈ ಟಾಗ್ ರೇಗನ್, ಡ್ರೈ ಟಾಗ್ ಷ್ನೇ": ಮೂರು ದಿನ ಮಳೆ, ಮೂರು ದಿನ ಹಿಮ, ಆಮೇಲೆ ನೋವಿಲ್ಲ. ಕೊನೆಯ ಸಾಲು ಊರಿಂದೂರಿಗೆ ಬದಲು, ನೀವಿರುವ ಕಡೆಯ ಮಕ್ಕಳ ಬಾಯಿಂದಲೇ ಕಲಿಯಿರಿ. ದೊಡ್ಡವರಿಗೆ ಇದನ್ನು ಹೇಳಿದರೆ ತಮಾಷೆ.

ಬಾನ್‌ಹೋಫ್ ಭಟ್ಟ

ಪ್ರೀತಿ ಮುರಿದವರಿಗೆ "ಅಂಡರೆ ಮ್ಯುಟರ್ ಹಾಬನ್ ಔಖ್ ಷ್ಯೋನೆ ಟ್ಯೊಶ್ಟರ್", ಬೇರೆ ತಾಯಂದಿರಿಗೂ ಚೆಂದದ ಹೆಣ್ಣುಮಕ್ಕಳಿದ್ದಾರೆ. ಹುಡುಗಿಗೆ ಹೇಳುವಾಗ ಕೊನೆಗೆ "ಝ್ಯೋನೆ", ಗಂಡುಮಕ್ಕಳು. ಮ್ಯುಟರ್, ಟ್ಯೊಶ್ಟರ್ ಬಹುವಚನ ನೆನಪಿಡೋದು ಸುಲಭ: ಬಾಲಕ್ಕೆ ಏನೂ ಸೇರದೆ ಸ್ವರಕ್ಕೆ ಉಮ್‌ಲೌಟ್ (ಅಕ್ಷರದ ಮೇಲೆ ಎರಡು ಚುಕ್ಕೆ) ಮಾತ್ರ ಬಂದು ಬಹುವಚನ ಆಗೋ ಸ್ತ್ರೀಲಿಂಗ ಪದಗಳು ಇಡೀ ಭಾಷೆಯಲ್ಲಿ ಇವೆರಡೇ, ಎರಡೂ ಒಂದೇ ಗಾದೆಯಲ್ಲಿ ಕೂತಿವೆ. ಟ್ಯೊಶ್ಟರ್‌ನ ಸ್ವರಕ್ಕೆ ತುಟಿಯನ್ನು ಓ ಅನ್ನೋ ಹಾಗೆ ದುಂಡಗೆ ಮಾಡಿ, ಬಾಯೊಳಗೆ ಎ ಅನ್ನಿ. ಮ್ಯುಟರ್‌ಗೆ ತುಟಿ ಉ, ಒಳಗೆ ಇ.

ಸಂಬಂಧ ಮುರಿದ ವಾರದಲ್ಲೇ ಹೇಳಿದರೆ ಒರಟು. ಗಂಭೀರವಾದ ಮದುವೆ ಮುರಿದವರಿಗೆ ಬೇಡವೇ ಬೇಡ. ಬಿಯರ್ ಮುಂದೆ ಗೆಳೆಯರ ನಡುವೆ ಅಷ್ಟೇ ಇದರ ಜಾಗ. ಜರ್ಮನ್ನರು ಇದನ್ನು ಪೂರ್ತಿ ಹೇಳೋದೇ ಕಡಿಮೆ, "ನಾ ಯಾ, ಅಂಡರೆ ಮ್ಯುಟರ್..." ಅಂತ ಬಿಟ್ಟುಬಿಡ್ತಾರೆ. ಎಲ್ಲರಿಗೂ ಗೊತ್ತಿರೋ ಗಾದೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಉಪದೇಶದ ವಾಸನೆ ಹೋಗುತ್ತೆ. ಮೈಸ್ಟರ್ ಗಾದೆಯನ್ನೂ "ಎಸ್ ಇಸ್ಟ್ ನೊಖ್ ಕೈನ್ ಮೈಸ್ಟರ್..." ಅಂತ ನಿಲ್ಲಿಸಬಹುದು. ಪೂರ್ತಿ ಬರದೇ ನಿಲ್ಲಿಸೋದು ಬೇರೆ, ಬಂದೂ ನಿಲ್ಲಿಸೋದು ಬೇರೆ. ಮೊದಲು ಪೂರ್ತಿ ಕಲಿಯಿರಿ.

ಸ್ಟಟ್‌ಗಾರ್ಟ್ ಸಾರು

ಕೆಲಸ ಹೋದವರ ವಿಷಯ. ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತೆ ಅನ್ನೋ ಮಾತು ಜರ್ಮನ್‌ನಲ್ಲೂ ಇದೆ, ಕಾರ್ಡುಗಳ ಮೇಲೆ ಬೇಕಾದಷ್ಟು. ಅದನ್ನು ಕಲಿಯೋ ಮುಂಚೆ ಎರಡು ಗಡುವು ಕಲಿಯಿರಿ. ಕೆಲಸದಿಂದ ತೆಗೆದ ಪತ್ರ ಕೈಗೆ ಸಿಕ್ಕ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹಾಕಬೇಕು, ದಾಟಿದರೆ ಆ ಪತ್ರ ಸಾಮಾನ್ಯವಾಗಿ ಸಿಂಧು ಅಂತಲೇ ಲೆಕ್ಕ. ಕೆಲಸ ಮುಗಿಯೋಕೆ ಮೂರು ತಿಂಗಳಿಗಿಂತ ಕಡಿಮೆ ಇದ್ದರೆ, ಗೊತ್ತಾದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ನೋಂದಾಯಿಸಬೇಕು. ಇದು ಗೊತ್ತಿಲ್ಲದ ಹೊಸಬರಿಗೆ ಗಾದೆ ಹೇಳಿ ಕಳಿಸೋದು ಅನ್ಯಾಯ.

ಹಾಗೇ "ಎಸ್ ವಿಯರ್ಟ್ ನಿಶ್ಟ್ಸ್ ಝೋ ಹೈಸ್ ಗೆಗೆಸನ್, ವೀ ಎಸ್ ಗೆಕೊಖ್ಟ್ ವಿಯರ್ಟ್". ಬೇಯಿಸುವಾಗ ಇದ್ದಷ್ಟು ಬಿಸಿಯಲ್ಲಿ ಯಾರೂ ಉಣ್ಣೋದಿಲ್ಲ. ಮುಂದೆ ಬರೋದರ ಬಗ್ಗೆ ಹೆದರಿದವರಿಗೆ ಒಳ್ಳೇದು: ಹೊಸ ಬಾಸ್, ಹೊಸ ರೂಲ್ಸು, ನಾಳೆಯ ಮೀಟಿಂಗ್. ಸರ್ಕಾರಿ ಕಚೇರಿಯ ಪತ್ರ ಬಂದು ಹೆದರಿದವರಿಗೆ ಮಾತ್ರ ಪತ್ರ ಪೂರ್ತಿ ಓದಿದ ಮೇಲೆ ಹೇಳಿ. ಆಕ್ಷೇಪಣೆಗೆ ಸಾಮಾನ್ಯವಾಗಿ ಒಂದೇ ತಿಂಗಳು ಇರುತ್ತೆ, ಆರಲಿ ಅಂತ ಕೂತರೆ ಗಡುವು ಕಳೆದುಹೋಗುತ್ತೆ.

ಈ ವಾಕ್ಯದಲ್ಲಿ ತಪ್ಪೋದು ಎರಡು: "ಗೆಗೆಸನ್"ನ ಎರಡನೇ ಗಕಾರ ನುಂಗೋದು, "ವೀ" ಬದಲು "ಅಲ್ಸ್" ಅನ್ನೋದು. "ಝೋ" ಬಂದರೆ ಜೋಡಿ "ವೀ".

ನೈಟ್‌ಶಿಫ್ಟ್

ಸಾವಿನ ಮನೆಗೆ? "ಡೀ ತ್ಸೈಟ್ ಹೈಲ್ಟ್ ಅಲೆ ವುಂಡನ್", ಕಾಲವೇ ಮದ್ದು ಅನ್ನೋದು ಗಾದೆ ಪಟ್ಟಿಗಳಲ್ಲಿ ಇರುತ್ತಲ್ಲ.

ಕಿವಿಮಾತು ಕಾವೇರಿ

ಬೇಡ. ಸಾವಿಗೆ ಗಾದೆಯೇ ಬೇಡ. ಆ ಗಾದೆ ದುಃಖದಲ್ಲಿರೋರು ವರ್ಷಗಳಾದ ಮೇಲೆ ತಾವೇ ಹೇಳಿಕೊಳ್ಳಬಹುದು, ಇಲ್ಲ ಅಂತಲೂ ಹೇಳಬಹುದು. ಹೊರಗಿನವರ ಬಾಯಲ್ಲಿ ಬಂದರೆ "ಬೇಗ ಮರೆತುಬಿಡು" ಅಂದ ಹಾಗೆ ಕೇಳುತ್ತೆ. "ವೇರ್ ವೈಸ್, ವೋಫ್ಯೂರ್ ಎಸ್ ಗೂಟ್ ಇಸ್ಟ್" (ಯಾವುದಕ್ಕೆ ಒಳ್ಳೇದೋ ಯಾರಿಗೆ ಗೊತ್ತು) ಅನ್ನೋದು ಇನ್ನೂ ಕೆಟ್ಟದ್ದು. ಆಗೋದೆಲ್ಲಾ ಒಳ್ಳೇದಕ್ಕೆ ಅಂತ ನಮ್ಮಲ್ಲಿ ಹಿರಿಯರು ಸಾವಿನ ಮನೆಯಲ್ಲೂ ಒಮ್ಮೊಮ್ಮೆ ಅಂದುಬಿಡ್ತಾರೆ. ಅದೇ ಅಭ್ಯಾಸದಲ್ಲಿ ಇದನ್ನು ಅಲ್ಲಿ ಎತ್ತಬೇಡಿ. ಕೈತಪ್ಪಿದ ಬಾಡಿಗೆ ಮನೆ, ಸಿಗದ ಕೆಲಸ, ಅಷ್ಟಕ್ಕೆ ಸೀಮಿತ.

ಎದುರಿಗೆ ಸಿಕ್ಕಾಗ ಕೈಕುಲುಕಿ "ಮೈನ್ ಹೆರ್ತ್ಸ್‌ಲಿಶಸ್ ಬೈಲೈಟ್" (ನನ್ನ ಹೃತ್ಪೂರ್ವಕ ಸಂತಾಪ). ಅಷ್ಟೇ, ನಿಧಾನವಾಗಿ. ಹತ್ತಿರದವರಿಗೆ "ಎಸ್ ಟೂಟ್ ಮೀರ್ ಝೋ ಲೈಟ್" (ನನಗೆ ತುಂಬಾ ಬೇಜಾರಾಯ್ತು) ಸಾಕು. ಕಾರ್ಡಿನಲ್ಲಿ ಬರೆಯುವಾಗ ಕೊನೆಗೆ "ಇನ್ ಔಫ್‌ರಿಶ್ಟಿಗರ್ ಅನ್‌ಟೈಲ್‌ನಾಮೆ" (ಪ್ರಾಮಾಣಿಕ ಸಹಾನುಭೂತಿಯಿಂದ). "ಇನ್ ಸ್ಟಿಲರ್ ಟ್ರೌವರ್" (ಮೌನ ದುಃಖದಲ್ಲಿ) ಅಂತ ಪತ್ರಿಕೆಯ ಸಾವಿನ ಪ್ರಕಟಣೆಗಳಲ್ಲಿ ಕಾಣೋದು ಸಾಮಾನ್ಯವಾಗಿ ಮನೆಯವರ ಸಹಿಯ ಮೇಲಿನ ಸಾಲು. ಸಂತಾಪ ಹೇಳೋರು ಅದನ್ನೇ ನಕಲು ಮಾಡಿದರೆ ಸಂಬಂಧಿಕರಲ್ಲಿ ಒಬ್ಬರಾದ ಹಾಗೆ.

ಮತ್ತೆ, ಕನ್ನಡದ ಮಾತನ್ನು ಹಾಗೇ ಜರ್ಮನ್‌ಗೆ ಇಳಿಸೋ ಆಸೆ ಬೇಡ. "ಕಷ್ಟ ಮನುಷ್ಯರಿಗೆ ಬರದೆ ಮರಕ್ಕೆ ಬರುತ್ತಾ" ಅನ್ನೋದು ನಮಗೆ ಹಿತ. ಅಲ್ಲಿ ಹೇಳಿದರೆ ಯಾವ ಮರ ಅಂತ ಕೇಳ್ತಾರೆ.

ಗ್ರಂಥಾಲಯದ ಗೆದ್ದಲು

ಕಲಿಯೋ ಮೂಲದ ಬಗ್ಗೆ ಎಚ್ಚರಿಕೆ ಹೇಳಬೇಕು. ವಾಂಡರ್ ಅನ್ನೋ ವಿದ್ವಾಂಸರ ಜರ್ಮನ್ ಗಾದೆ ನಿಘಂಟು ಐದು ಸಂಪುಟ, 1867ರಿಂದ 1880ರವರೆಗೆ ಬಂತು, ಸುಮಾರು 2,50,000 ನಮೂದುಗಳಿವೆ. ಹುಡುಕಾಟಕ್ಕೆ ಚಿನ್ನ, ಮಾತು ಕಲಿಯೋಕೆ ಅಪಾಯ; ಬಹುಪಾಲು ಇವತ್ತಿನ ಜರ್ಮನ್ನರಿಗೇ ಗೊತ್ತಿಲ್ಲ. ಕಿಟೆಲ್ ಅವರ 1894ರ ಕನ್ನಡ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳನ್ನು ಕೊಟ್ಟಿರೋದು ನೋಡಿದವರಿಗೆ ಈ ಮಾತು ಅರ್ಥವಾಗುತ್ತೆ. ಅಲ್ಲಿರೋ ಎಷ್ಟೋ ಗಾದೆ ಈಗ ಬೆಂಗಳೂರಿನ ಬಸ್ಸಿನಲ್ಲಿ ಹೇಳಿದರೆ ತಿರುಗಿ ನೋಡ್ತಾರೆ.

ಚಾಲ್ತಿಯಲ್ಲಿದೆಯಾ ಅಂತ ನೋಡೋಕೆ ಡೂಡನ್‌ನ ಹನ್ನೊಂದನೇ ಸಂಪುಟ ಇದೆ, ನುಡಿಗಟ್ಟುಗಳದ್ದೇ ಪುಸ್ತಕ. ಉಚಿತವಾಗಿ ಬೇಕಾದರೆ ಬರ್ಲಿನ್-ಬ್ರಾಂಡೆನ್‌ಬುರ್ಗ್ ಅಕಾಡೆಮಿಯ ಡಿಡಬ್ಲ್ಯುಡಿಎಸ್ ತಾಣದಲ್ಲಿ ಗಾದೆಯ ಎರಡು ಮೂರು ಪದ ಉದ್ಧರಣ ಚಿಹ್ನೆಯೊಳಗೆ ಹಾಕಿ ಪತ್ರಿಕೆಗಳ ಸಂಗ್ರಹದಲ್ಲಿ ಹುಡುಕಿ. ಈಚಿನ ವರ್ಷಗಳ ವಾಕ್ಯಗಳು ಬಂದರೆ ಜೀವಂತ ಇದೆ. ಮುಂದಿನ ಹಿಂದಿನ ವಾಕ್ಯ ಓದಿದರೆ ಸಮಾಧಾನಕ್ಕೆ ಬಳಸಿದ್ದಾರಾ ವ್ಯಂಗ್ಯಕ್ಕಾ ಅಂತಲೂ ತಿಳಿಯುತ್ತೆ.

ಒಂದನ್ನು ಮಾತ್ರ ಎಲ್ಲಿ ಕಂಡರೂ ಕಲಿಯಬೇಡಿ: "ಯೇಡಮ್ ಡಸ್ ಝೈನೆ", ಅವರವರಿಗೆ ಅವರವರದ್ದು. "ಅವರವರ ಪಾಲಿಗೆ ಬಂದದ್ದು" ಅಂತ ಸಮಾಧಾನಕ್ಕೆ ಹೊಂದೋ ಹಾಗೆ ಕಾಣುತ್ತೆ, ಹಳೇ ಪಟ್ಟಿಗಳಲ್ಲಿ ಇರುತ್ತೆ. ಬೂಖನ್‌ವಾಲ್ಡ್ ನಾಜಿ ಶಿಬಿರದ ಕಬ್ಬಿಣದ ಗೇಟಿನ ಮೇಲೆ ಇದೇ ಸಾಲನ್ನು ಒಳಗಿನ ಕೈದಿಗಳಿಗೆ ಓದೋಕೆ ಬರೋ ಹಾಗೆ ಕೂರಿಸಿದ್ದರು. ಮೂಲ ಪ್ರಾಚೀನ ಲ್ಯಾಟಿನ್ ಅನ್ನೋ ವಾದ ಅಲ್ಲಿ ನಡೆಯೋದಿಲ್ಲ.

ಧಾರವಾಡ ಫೇಡೆ

ಕಲೋನ್ ಕಡೆ ಇರೋರಿಗೆ ಒಂದು. "ಎಟ್ ಹೆಟ್ ನೊಖ್ ಎಮರ್ ಯೋಟ್ ಯೆಯಂಗೆ", ಇಲ್ಲೀತನಕ ಎಲ್ಲಾ ಚೊಲೋನ ಆಗೇದ. ಊರ ಮಂದಿ ತಮಾಷಿಗೆ ಕಟ್ಟಿಕೊಂಡ "ರೈನ್ ಸಂವಿಧಾನ"ದ ಮೂರನೇ ಕಲಮು. ಇದು ಕೆಲಸ ಕೆಡೋಕಿಂತ ಮೊದಲ, ಆತಂಕದಾಗ ಇದ್ದಾವರಿಗೆ. ಕೆಟ್ಟ ಮ್ಯಾಲೆ ಹೇಳಿದ್ರ ಮಾತು ಸುಳ್ಳಾಗ್ತದ. ಆಡುಭಾಷಿ ಗೊತ್ತಿಲ್ಲದ ನಾವು ಹೇಳಿದ್ರ ಖುಷಿ ಪಡ್ತಾರ, ಆದ್ರ ಮ್ಯೂನಿಕ್‌ದಾಗ ಹೇಳಬ್ಯಾಡ್ರಿ. ಅಲ್ಲಿ "ಪಸ್ಟ್ ಷೋ" (ಇರ್ಲಿ ಬಿಡ್ರಿ) ಸಾಕು.

ನೈಟ್‌ಶಿಫ್ಟ್

ಕೊನೇ ಪ್ರಶ್ನೆ. ಎದುರಿಗೆ ಸಿಗಲಿಲ್ಲ, ವಾಟ್ಸಾಪ್‌ನಲ್ಲಿ ಕಳಿಸಬೇಕು. ಗಾದೆಯ ಮುಂದೆ "ನಿನಗೆ ಗೊತ್ತಲ್ಲ" ಅಂತ ಸೇರಿಸಬಹುದಾ?

ಡಾಟಿವ್ ದಾಸ

ಸೇರಿಸಬಹುದು, ಆದರೆ "ಡಸ್" (ನಮ್ಮ "ಅಂತ" ಇದ್ದ ಹಾಗೆ ವಾಕ್ಯ ಜೋಡಿಸೋ ಪದ) ಹಾಕಿ ಉಪವಾಕ್ಯ ಮಾಡಬೇಡಿ. ಮಾಡಿದರೆ "ಎಸ್" ಬಿದ್ದುಹೋಗಿ "ಇಸ್ಟ್" ಕೊನೆಗೆ ಓಡುತ್ತೆ: "ಡಸ್ ನೊಖ್ ಕೈನ್ ಮೈಸ್ಟರ್ ಫೊಮ್ ಹಿಮಲ್ ಗೆಫಲನ್ ಇಸ್ಟ್". ತಪ್ಪಲ್ಲ, ಆದರೆ ಲಯ ಹೋಯ್ತು. "ಡು ವೈಸ್ಟ್ ಡೊಖ್" ಅಂತ ಬರೆದು ಕೋಲನ್ ಹಾಕಿ, ಗಾದೆಯನ್ನು ಮುಟ್ಟದೆ ಹಾಗೇ ಇಡಿ. ನೀವು ಅನ್ನೋರಾದರೆ "ಝೀ ವಿಸನ್ ಯಾ". ಗಾದೆಯೊಳಗೆ ಸರ್ವನಾಮ ಇಲ್ಲದ್ದರಿಂದ ಅದು ಎರಡಕ್ಕೂ ಒಂದೇ. ಮೈಸ್ಟರ್, ಹಿಮಲ್ ಎರಡೂ ನಾಮಪದ, ದೊಡ್ಡಕ್ಷರದಿಂದ ಶುರುವಾಗಬೇಕು. ಉಮ್‌ಲೌಟ್ ಈ ಗಾದೆಯಲ್ಲಿ ಒಂದೂ ಇಲ್ಲ, ಇಂಗ್ಲಿಷ್ ಕೀಬೋರ್ಡಿನಲ್ಲೇ ಸಾಕು. "ವೈಸ್ಟ್"ನ ß ಅಕ್ಷರ ಸಿಗದಿದ್ದರೆ ಎರಡು ಎಸ್ ಹಾಕಿ.

ಮೊದಲ ಸಾಲಿಗೆ "ಅಖ್ ಮೆನ್ಶ್, ಡಸ್ ಟೂಟ್ ಮೀರ್ ಲೈಟ್", ಎರಡನೇ ಸಾಲಿಗೆ ಗಾದೆ, ಮೂರನೇ ಸಾಲಿಗೆ ಯಾವ ದಿನ ಎಷ್ಟು ಗಂಟೆಗೆ ಒಟ್ಟಿಗೆ ಓದೋಕೆ ಕೂರಬಹುದು ಅಂತ.